ನನ್ನ ಮಂಗಳವಾರ

(ಮೈಲಾಪೂರಿನಲ್ಲಿ ನಡೆದ ಸಂಘದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)



ಈಗ ರಾತ್ರಿ ಹತ್ತೂ ಮುಕ್ಕಾಲು. ಈ ಊರಿನ ಬೇರೆ ಸಂಘಗಳ ಸಭೆ ಮುಗಿದು, ಅವುಗಳ ಅಧ್ಯಕ್ಷರು ಹಾರ ಕಳಚಿಟ್ಟು ಮನೆಗೆ ಹೋಗಿ ಮಲಗುವ ಹೊತ್ತಿಗೆ ನಮ್ಮ ಸಂಘದ ಸಭೆ ಶುರುವಾಗುತ್ತದೆ. ಕಾರಣ ತಮಗೆಲ್ಲ ಗೊತ್ತು. ಕಡೆಯ ಗಿರಾಕಿ ಎದ್ದು, ಮೇಜು ಒರೆಸಿ, ಕುರ್ಚಿ ಮಗುಚಿ, ಗಲ್ಲಾದ ಲೆಕ್ಕ ಮುಗಿದ ಮೇಲಲ್ಲದೆ ನಮ್ಮ ಸದಸ್ಯರು ಹೊರಗೆ ಕಾಲಿಡುವಂತಿಲ್ಲ. ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಮಾತ್ರ ಎಂಟು ಗಂಟೆಗೇ ಬಂದು ಕೂತು ಎರಡು ನಿದ್ದೆ ಮುಗಿಸಿದ್ದಾರೆ. ಅವರ ಮೂರನೆಯ ನಿದ್ದೆಗೆ ನನ್ನ ಮಾತಿನಿಂದ ಭಂಗ ಬರದಂತೆ ನೋಡಿಕೊಳ್ಳುತ್ತೇನೆ.

ಭಾಷಣ ಮಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಕೈಮುಗಿದು ಬೇಡವೆಂದೆ. ಮೂವತ್ತೊಂಬತ್ತು ವರ್ಷ ಹೋಟೆಲಿನಲ್ಲಿ ನಿಂತವನಿಗೆ ಬರುವುದು ಒಂದೇ ಭಾಷಣ: ಇಡ್ಲಿ, ವಡೆ, ಪೊಂಗಲ್, ಪೂರಿ, ಮಸಾಲೆದೋಸೆ, ರವಾದೋಸೆ, ಈರುಳ್ಳಿ ಊತಪ್ಪ. ಅದನ್ನು ಈಗಲೂ ಒಂದೇ ಉಸಿರಿನಲ್ಲಿ ಹೇಳಬಲ್ಲೆ, ಕೇಳಿದವರು ಚಪ್ಪಾಳೆ ತಟ್ಟುವುದಿಲ್ಲ, ಕಾಫಿ ಮಾತ್ರ ಸಾಕು ಅನ್ನುತ್ತಾರೆ. ಕಾರ್ಯದರ್ಶಿಗಳು ಬಿಡಲಿಲ್ಲ. ನಿಂತು ಮಾತಾಡುವುದು ಕಷ್ಟವಾದರೆ ಕುರ್ಚಿ ಹಾಕಿಸುತ್ತೇವೆ ಅಂದರು. 2021ರಲ್ಲಿ ತಮಿಳುನಾಡಿನಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಇಡಬೇಕೆಂದು ಕಾಯಿದೆಯನ್ನೇ ತಿದ್ದಿದರಲ್ಲ, ಅದಕ್ಕೆ ಒಂಬತ್ತು ವರ್ಷ ಮುಂಚೆಯೇ ನಾನು ನಿವೃತ್ತನಾಗಿದ್ದೆ. ಆದ್ದರಿಂದ ನಿಂತೇ ಮಾತಾಡುತ್ತೇನೆ. ಕೂತರೆ ಮಾತು ಮರೆತುಹೋಗುತ್ತದೆ.

ನಾನು ಹೇಳಹೊರಟಿರುವುದು ನಮ್ಮ ವಾರದ ರಜೆಯ ವಿಚಾರ.

ನಾನು ಕುಂದಾಪುರದ ಕಡೆಯವನು. 1973ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ದೂರದ ನೆಂಟರೊಬ್ಬರ ಹಿಂದೆ ಒಂದು ತಗಡಿನ ಪೆಟ್ಟಿಗೆ ಹೊತ್ತು ಮೈಲಾಪೂರಿಗೆ ಬಂದು, ಕಪಾಲೀಶ್ವರನ ಕೆರೆಗೆ ಹತ್ತಿರದ ಒಂದು ಹೋಟೆಲಿಗೆ ಸೇರಿದೆ. ಮೊದಲು ಕ್ಲೀನರು, ಎರಡು ವರ್ಷದ ಮೇಲೆ ಸಪ್ಲೈಯರು. ಉಡುಪಿಯ ಕಡೆಯಿಂದ ಬಂದು ಹೋಟೆಲಿನಲ್ಲಿ ಚಾಕರಿ ಮಾಡಿ ಆಮೇಲೆ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರ ಕಥೆಯನ್ನು ಆ ಕಾಲದಲ್ಲಿ ನಮ್ಮ ಕಡೆಯ ಪ್ರತಿ ತಾಯಿಯೂ ಮಗನಿಗೆ ಹೇಳಿ ಬಸ್ಸು ಹತ್ತಿಸುತ್ತಿದ್ದಳು. ನಮ್ಮಲ್ಲಿ ಎಷ್ಟೋ ಜನ ಆ ಕಥೆಯ ಮೊದಲರ್ಧವನ್ನು ಮಾತ್ರ ಅಕ್ಷರಶಃ ಪಾಲಿಸಿದೆವು.

ಸೇರಿದ ಎಂಟು ದಿನಕ್ಕೆ ಯಜಮಾನರು ಕರೆದು, 'ನಾಳೆ ಮಂಗಳವಾರ ನಿನಗೆ ರಜೆ' ಅಂದರು. ನನಗೆ ಗಾಬರಿಯಾಯಿತು. ತಪ್ಪು ಮಾಡಿದ್ದಕ್ಕೆ ಕೆಲಸದಿಂದ ತೆಗೆದರೆಂದೇ ತಿಳಿದೆ. ಊರಲ್ಲಿ ಗದ್ದೆ ಕೆಲಸಕ್ಕೆ ರಜೆ ಎಂಬುದು ಇದ್ದರಲ್ಲವೇ! ಮರುದಿನ ರೂಢಿಯಂತೆ ನಾಲ್ಕಕ್ಕೇ ಎಚ್ಚರವಾಯಿತು. ಮಹಡಿಯ ಮೇಲೆ ಚಾಪೆಯಲ್ಲಿ ಹೊರಳಿದೆ. ಒಂಬತ್ತಕ್ಕೆ ಹೊಟ್ಟೆ ಹಸಿಯಿತು. ಕೆಳಗೆ ಇಳಿದು ನಮ್ಮ ಹೋಟೆಲಿನಲ್ಲೇ ತಿಂದರೆ ಏನಾದರೂ ಕೆಲಸ ಹೇಳುತ್ತಾರೆಂಬ ಭಯ. ಲಜ್ ಕಡೆಗೆ ನಡೆದು ಇನ್ನೊಂದು ಹೋಟೆಲಿಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಗಿರಾಕಿಯಾಗಿ ಕೂತೆ.

ಸಪ್ಲೈಯರ್ ಬಂದು ಏನು ಬೇಕೆಂದ. ನಾನು ಅವನಿಗೇ ಇಡ್ಲಿಯಿಂದ ಊತಪ್ಪದವರೆಗೆ ಪಟ್ಟಿ ಒಪ್ಪಿಸಿಬಿಟ್ಟೆ. ಅವನು ಸ್ವಲ್ಪ ಹೊತ್ತು ನೋಡಿ ಕನ್ನಡದಲ್ಲೇ, 'ಕೂತುಕೊ ಮಾರಾಯ, ಇಲ್ಲಿ ಹೇಳುವವನು ನಾನು' ಅಂದ. ತಿಂದದ್ದಾಯಿತು. ಎದ್ದೆ. ನನ್ನ ತಟ್ಟೆ ಎತ್ತಿಕೊಂಡೆ, ಪಕ್ಕದವರಿಬ್ಬರ ತಟ್ಟೆಯನ್ನೂ ಎತ್ತಿಕೊಂಡೆ, ಹೆಗಲ ಮೇಲಿನ ಟವಲಿನಿಂದ ಮೇಜು ಒರೆಸಿದೆ, ನೇರವಾಗಿ ತೊಳೆಯುವ ಜಾಗಕ್ಕೆ ಹೋಗಿ ನಿಂತೆ. ಒಳಗಿದ್ದ ಮೇಸ್ತ್ರಿ ನನ್ನನ್ನು ಮೇಲೆ ಕೆಳಗೆ ನೋಡಿ, 'ಹೊಸ ಹುಡುಗನಾ? ಯಾರು ಸೇರಿಸಿದ್ದು?' ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ. ಹನ್ನೆರಡು ಗಂಟೆಯವರೆಗೆ ಅಲ್ಲಿ ತಟ್ಟೆ ತೊಳೆದು ಬಂದೆ. ನನ್ನ ಮೊದಲ ವಾರದ ರಜೆ ಹೀಗೆ ಕಳೆಯಿತು. ದುಡ್ಡು ಮಾತ್ರ ಉಳಿಯಿತು, ಅವರು ಬಿಲ್ಲು ಕೇಳಲಿಲ್ಲ.

ರಜೆ ಯಜಮಾನರ ದಾನವಲ್ಲ, ಕಾಯಿದೆ ಎಂದು ನನಗೆ ಗೊತ್ತಾದದ್ದು ಈ ಸಂಘಕ್ಕೆ ಬರತೊಡಗಿದ ಮೇಲೆ. ಹೋಟೆಲು ಕೆಲಸಗಾರನಿಗೆ ವಾರಕ್ಕೊಂದು ಪೂರಾ ದಿನ ಬಿಡುವು ಕೊಡಬೇಕೆಂದು ಮದರಾಸು ಸರ್ಕಾರ 1958ರಲ್ಲೇ ಹೋಟೆಲುಗಳಿಗೆಂದೇ ಬೇರೆ ಕಾಯಿದೆ ಮಾಡಿತ್ತು. ಗಿರಣಿಯವರಿಗೆ 1948ರ ಕಾರ್ಖಾನೆ ಕಾಯಿದೆ ಇತ್ತು, ಅದರ ಪ್ರಕಾರ ವಾರದ ರಜೆ ಸಾಮಾನ್ಯವಾಗಿ ಭಾನುವಾರ. ಆ ಭಾನುವಾರವೂ ಆಕಾಶದಿಂದ ಉದುರಿದ್ದಲ್ಲ. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬ ಮಹನೀಯರು ಗಿರಣಿ ಕೆಲಸಗಾರರನ್ನು ಕೂಡಿಸಿಕೊಂಡು ವರ್ಷಗಟ್ಟಲೆ ಕೇಳಿದ ಮೇಲೆ, 1890ರ ಜೂನ್ 10ರಂದು ಮಾಲೀಕರು ಒಪ್ಪಿದರು. ಭಾನುವಾರ ಖಂಡೋಬನ ವಾರ, ಅಂದು ದೇವರ ಕೆಲಸವಿದೆ ಎಂಬ ಮಾತೂ ಆಗ ಬಂದಿತ್ತಂತೆ. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ. ಮೈಲಾರನ ದಯೆಯಿಂದ ಗಿರಣಿಯವರಿಗೆ ಭಾನುವಾರ ಸಿಕ್ಕಿತು, ಮೈಲಾಪೂರಿನ ಹೋಟೆಲಿನವರಿಗೆ ಸಿಗಲಿಲ್ಲ. ನಮ್ಮ ಕಾಯಿದೆಯಲ್ಲಿ ಒಂದು ದಿನ ಅಂತ ಇತ್ತೇ ಹೊರತು ಯಾವ ದಿನ ಅಂತ ಇರಲಿಲ್ಲ.

ಯಾವ ದಿನ ಎಂಬುದರಲ್ಲೇ ಎಲ್ಲವೂ ಇದೆ ನೋಡಿ. ಭಾನುವಾರ ಗಿರಾಕಿಗಳಿಗೆ ರಜೆ, ಆದ್ದರಿಂದ ನಮಗಿಲ್ಲ. ಶನಿವಾರವೂ ಹಾಗೆಯೇ. ಶುಕ್ರವಾರ ಕರ್ಪಗಾಂಬಾಳ್ ದರ್ಶನಕ್ಕೆ ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಡುವ ರೂಢಿಯಲ್ಲಿ ಹೋಟೆಲಿಗೂ ಬರುತ್ತಾರೆ. ಗುರುವಾರ ರಾಯರ ವಾರ, ಅದನ್ನು ಕಾಫಿ ಭಟ್ಟರು ಹಿಡಿದುಕೊಂಡಿದ್ದರು. ಸೋಮವಾರ ದೋಸೆ ಭಟ್ಟರಿಗೆ, ಬುಧವಾರ ಇನ್ನೊಬ್ಬರಿಗೆ. ಯಾರಿಗೂ ಬೇಡದ ಮಂಗಳವಾರ ಕೆಳಗಿನವರಾದ ನಮಗೆ ಉಳಿಯಿತು. ಮಂಗಳವಾರ ಹೊಸ ಕೆಲಸ ತೊಡಗಬಾರದು, ಹೆಣ್ಣು ನೋಡಲು ಹೋಗಬಾರದು, ಸಾಲ ಕೇಳಬಾರದು. ತಲೆಗೂದಲಾದರೂ ತೆಗೆಸೋಣವೆಂದರೆ ನಮ್ಮ ಬೀದಿಯ ಕ್ಷೌರದಂಗಡಿಗೂ ಮಂಗಳವಾರವೇ ರಜೆ. ಹೀಗಾಗಿ ಹಲವು ವರ್ಷ ನಾನು ಋಷಿಯಂತೆ ಕಾಣುತ್ತಿದ್ದೆ.

1984ರಲ್ಲಿ ಮದುವೆಯಾಗಿ ಹೆಂಡತಿಯನ್ನು ಕರೆತಂದೆ. ಒಂದು ವಠಾರದಲ್ಲಿ ಒಂದೂವರೆ ಕೋಣೆ. ಅರ್ಧ ಕೋಣೆ ಯಾವುದೆಂದು ಈಗಲೂ ನನಗೆ ಗೊತ್ತಿಲ್ಲ, ಬಾಡಿಗೆ ಮಾತ್ರ ಅದಕ್ಕೂ ಕೊಟ್ಟೆ. ಅವಳಿಗೆ ತಮಿಳಿನ ಗಂಧವಿಲ್ಲ. ಮೊದಲ ದಿನ ಅಂಗಡಿಗೆ ಹೋಗಿ ಧೈರ್ಯವಾಗಿ ಸೊಪ್ಪು ಕೇಳಿದಳು. ಅಂಗಡಿಯವನು ಬಟ್ಟೆಗೋ ಮೈಗೋ ಅಂತ ಕೈಸನ್ನೆ ಮಾಡಿ ಕೇಳಿದ. ಸಾರಿಗೆ ಅಂತ ಇವಳು ಕನ್ನಡದಲ್ಲೇ ಹೇಳಿದಳು. ಅವನು ಸೀರೆ ಒಗೆಯುವ ಒಂದು ನೀಲಿ ಬಾರು ಸೋಪು ಕಟ್ಟಿಕೊಟ್ಟ. ತಮಿಳಿನಲ್ಲಿ ಸೊಪ್ಪಿಗೆ ಕೀರೆ, ಸೋಪಿಗೆ ಸೋಪ್ಪು ಎಂದು ನಾನು ಹೇಳಿಕೊಟ್ಟಿರಲಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಬರಿಯ ಬೇಳೆಸಾರು. ನಾಲ್ಕು ವರ್ಷದಲ್ಲಿ ಅವಳು ನೀರಿನ ಲಾರಿಯ ಮುಂದೆ ಶುದ್ಧ ಮೈಲಾಪೂರು ತಮಿಳಿನಲ್ಲಿ ಜಗಳವಾಡುವಷ್ಟಾದಳು. ನೀರಿಗೆ ಬರ ಬಂದ ವರ್ಷಗಳಲ್ಲಿ ಲಾರಿ ನಮ್ಮ ಬೀದಿಗೆ ಬರುತ್ತಿದ್ದದ್ದು ಯಾವ ದಿನವೆಂದು ತಾವು ಊಹಿಸಬಹುದು. ನನ್ನ ಮಂಗಳವಾರಗಳಲ್ಲಿ ಅರ್ಧ ಪ್ಲಾಸ್ಟಿಕ್ ಕೊಡ ಹೊರುವುದರಲ್ಲೇ ಹೋಯಿತು. ಪಕ್ಕದ ಮನೆಯ ಮಾಮಿ ನನ್ನನ್ನು ವಾರಕ್ಕೊಮ್ಮೆ ಬರುವ ನೀರಿನ ಆಳೆಂದೇ ತಿಳಿದಿದ್ದರು.

ಈಗ ನಮ್ಮ ಭಾವನ ವಿಷಯ ಹೇಳಬೇಕು. ನನ್ನ ಅಕ್ಕನ ಗಂಡ. ಅವರೂ ಮೊದಲು ಹೋಟೆಲಿಗೇ ಬಂದವರು, ಒಲೆಯ ಹೊಗೆ ಬೇಡವೆಂದು ಹತ್ತಿಯ ಧೂಳಿಗೆ ಹೋದರು. ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಮ್ ಕರ್ನಾಟಿಕ್ ಗಿರಣಿ. ಭಾವನಿಗೆ ಆ ಗಿರಣಿಯ ಚರಿತ್ರೆ ಬಾಯಿಪಾಠ. ಅಲ್ಲಿಯ ಕೆಲಸಗಾರರಿಗಾಗಿ 1918ರ ಏಪ್ರಿಲ್ 27ರಂದು ಮದರಾಸ್ ಲೇಬರ್ ಯೂನಿಯನ್ ಹುಟ್ಟಿದ್ದು, ಬಿ. ಪಿ. ವಾಡಿಯಾ ಅವರು ಅದರ ಅಧ್ಯಕ್ಷರಾದದ್ದು, ತಿರು. ವಿ. ಕ. ಜೊತೆಗೆ ನಿಂತದ್ದು, ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಮಧ್ಯಾಹ್ನ ಉಣ್ಣಲು ಬಿಡುತ್ತಿದ್ದ ಅರ್ಧ ಗಂಟೆ ಸಾಲದು ಎಂಬುದು ಆಗಿನ ಮೊದಮೊದಲ ದೂರುಗಳಲ್ಲೊಂದು. 'ನೋಡು, ದೇಶದ ದೊಡ್ಡ ಯೂನಿಯನ್ನು ಹುಟ್ಟಿದ್ದು ಊಟದ ಹೊತ್ತಿನ ವಿಷಯಕ್ಕೆ. ನಿಮ್ಮ ಹೋಟೆಲಿನವರು ಊರಿಗೆಲ್ಲ ಊಟ ಬಡಿಸಿ ನೀವು ಮಾತ್ರ ನಿಂತು ಉಣ್ಣುತ್ತೀರಿ' ಎಂದು ನನ್ನನ್ನು ಹಂಗಿಸುತ್ತಿದ್ದರು.

ಅವರಿಗೆ ಭಾನುವಾರ ರಜೆ. ಭಾನುವಾರವಾದರೆ ಸಾಕು, ಅಕ್ಕನನ್ನೂ ಮೂರು ಮಕ್ಕಳನ್ನೂ ಕಟ್ಟಿಕೊಂಡು 29ಸಿ ಬಸ್ಸು ಹತ್ತಿ ಮೈಲಾಪೂರಿನಲ್ಲಿ ಇಳಿಯುತ್ತಿದ್ದರು. ನನ್ನನ್ನು ನೋಡಬೇಕಾದರೆ ಹೋಟೆಲಿಗೇ ಬರಬೇಕು. ಬಂದರೆ ಕೂರಬೇಕು. ಕೂತರೆ ಏನಾದರೂ ತಿನ್ನಬೇಕು, ಇಲ್ಲವಾದರೆ ಗಲ್ಲಾದಿಂದ ಯಜಮಾನರು ನೋಡುತ್ತಾರೆ. ಹೀಗೆ ನಮ್ಮ ಬಾಂಧವ್ಯವೆಲ್ಲ ಮೇಜಿನ ಮೇಲೇ ನಡೆಯಿತು. 'ಊರಲ್ಲಿ ಅಮ್ಮನಿಗೆ ಮಂಡಿನೋವಂತೆ... ಎರಡು ಸಾಂಬಾರ್ ವಡೆ... ಡಾಕ್ಟರಿಗೆ ತೋರಿಸಿದರಂತೆ... ಒಂದು ಸ್ಟ್ರಾಂಗ್ ಕಾಫಿ, ಸಕ್ಕರೆ ಕಮ್ಮಿ.' ಒಮ್ಮೆ ಅಕ್ಕ ತಂದೆಯವರ ತಿಥಿಯ ದಿನ ಗೊತ್ತುಮಾಡುವ ಮಾತು ತೆಗೆದಳು. ನಾನು ಮೂರು ಮೇಜು ಆಚೆಯಿಂದ ದಶಮಿ ಅಂತ ಕೂಗಿದೆ. ಅಲ್ಲಿ ಕೂತಿದ್ದ ತಮಿಳು ಗಿರಾಕಿ ಅದು ಹೊಸ ತಿಂಡಿಯ ಹೆಸರೆಂದು ತಿಳಿದು ತನಗೂ ಒಂದು ತರಲು ಹೇಳಿದ. ಭಾವ ಹೋಗುವಾಗ ಎಲ್ಲರಂತೆ ಲೋಟದ ಕೆಳಗೆ ನಾಲ್ಕಾಣೆ ಇಟ್ಟು ಹೋಗುತ್ತಿದ್ದರು. ಅಕ್ಕನ ಗಂಡನಿಂದ ಟಿಪ್ಸು ತೆಗೆದುಕೊಳ್ಳುವುದೋ ಬಿಡುವುದೋ, ಶಾಸ್ತ್ರದಲ್ಲಿ ಎಲ್ಲೂ ಹೇಳಿಲ್ಲ. ತೆಗೆದುಕೊಂಡೆ.

ಅವರು ಹೋಗುವುದು ನಮ್ಮ ವಠಾರಕ್ಕೆ. ಅಲ್ಲಿಂದ ನನ್ನ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಸಮುದ್ರದಂಡೆಗೆ. ನನ್ನ ಮಕ್ಕಳು ಮೊದಲ ಸಲ ತೆರೆಗೆ ಕಾಲು ಕೊಟ್ಟದ್ದು, ಮೊದಲ ಸಲ ಕುದುರೆ ಹತ್ತಿದ್ದು, ಸುಂಡಲ್ ತಿಂದದ್ದು, ಎಲ್ಲವೂ ಭಾವನ ಕೈ ಹಿಡಿದು, ಭಾನುವಾರ. ನನಗೆ ಅದರ ವರದಿ ರಾತ್ರಿ ಹನ್ನೊಂದಕ್ಕೆ ಬರುತ್ತಿತ್ತು, ಅದೂ ಮಕ್ಕಳು ಮಲಗಿದ ಮೇಲೆ.

ಮಂಗಳವಾರ ಸಂಜೆ ಶಾಲೆ ಬಿಟ್ಟ ಮೇಲೆ ನಾನೂ ಕರೆದುಕೊಂಡು ಹೋಗುತ್ತಿದ್ದೆ. ಆದರೆ ಮಂಗಳವಾರದ ಮರೀನಾದಲ್ಲಿ ಜಾತ್ರೆಯಿರುವುದಿಲ್ಲ. ಕುದುರೆಯವನು ಬಂದಿರುವುದಿಲ್ಲ. ಬಲೂನಿನವನೂ ಇಲ್ಲ. ಇರುತ್ತಿದ್ದದ್ದು ಕೆಲಸಗಾರರ ಪ್ರತಿಮೆ ಒಂದೇ. 1959ರಲ್ಲಿ ನಿಲ್ಲಿಸಿದ್ದು, ದೇವಿಪ್ರಸಾದ ರಾಯ್ ಚೌಧುರಿಯವರ ಕೆಲಸ. ನಾಲ್ಕು ಆಳುಗಳು ಒಂದು ಬಂಡೆ ಸರಿಸುತ್ತಿರುವುದು ತಮಗೆಲ್ಲ ಪರಿಚಿತವೇ. ನನ್ನ ಸಣ್ಣ ಮಗ ಅದನ್ನು ನೋಡಿ, 'ಅಪ್ಪಾ, ಇವರು ಕತ್ತಲಾದರೂ ಮನೆಗೆ ಹೋಗುವುದಿಲ್ಲವಾ?' ಅಂತ ಕೇಳಿದ. ಅವರದು ಎರಡನೆಯ ಪಾಳಿ ಅಂತ ಹೇಳಿದೆ.

ಮೈಲಾಪೂರಿನ ಜಾತ್ರೆಯಾದರೂ ಮನೆ ಬಾಗಿಲಿಗೇ ಬರುತ್ತದಲ್ಲ ಎನ್ನಬಹುದು. ಪಂಗುನಿ ಉತ್ಸವದಲ್ಲಿ ಅರುಬತ್ತಿಮೂವರ್ ದಿನ ಅರುವತ್ತಮೂರು ನಾಯನ್ಮಾರರೂ ಪಲ್ಲಕ್ಕಿಗಳಲ್ಲಿ ನಾಲ್ಕು ಮಾಡ ಬೀದಿ ಸುತ್ತುತ್ತಾರೆ. ಆ ದಿನ ಊರಿಗೆ ಊರೇ ಬೀದಿಯಲ್ಲಿ. ಹೆಜ್ಜೆಹೆಜ್ಜೆಗೆ ಮಜ್ಜಿಗೆ, ಪಾನಕ, ಪುಳಿಯೋಗರೆ, ಮೊಸರನ್ನ ಕರೆದು ಕೊಡುತ್ತಾರೆ. ನಮ್ಮ ಯಜಮಾನರು ಗಲ್ಲಾದಲ್ಲಿ ಕೂತು ಬೀದಿಯಲ್ಲಿ ಹಂಚುವ ಪ್ರತಿಯೊಂದು ದೊನ್ನೆಯನ್ನೂ ಎಣಿಸುತ್ತಿದ್ದರು. ಆದರೂ ರಜೆ ಕೊಡುತ್ತಿರಲಿಲ್ಲ, ಕಾಫಿಯನ್ನು ಯಾರೂ ಧರ್ಮಕ್ಕೆ ಕೊಡುವುದಿಲ್ಲವಲ್ಲ. ಮಧ್ಯಾಹ್ನದ ಬಿಡುವಿನ ಎರಡು ಗಂಟೆಯಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನುಗ್ಗುತ್ತಿದ್ದೆ. ಅವಳಿಗೆ ಎಲ್ಲ ನಾಯನ್ಮಾರರೂ ಕಾಣುತ್ತಿದ್ದರು, ನನಗೆ ಮುಂದಿನವನ ಬೆನ್ನು ಕಾಣುತ್ತಿತ್ತು. ನಾನು ಕಂಡ ಅರುಬತ್ತಿಮೂವರ್ ಅದೇ, ಆದರೆ ಅದರಲ್ಲಿ ಕೊರತೆ ಏನೂ ಅನಿಸಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 1993ರ ಬೇಸಿಗೆಯಲ್ಲಿ. ಮಗಳಿಗೆ ಎಂಟು ವರ್ಷ. ಶಾಲೆಗೆ ದೊಡ್ಡ ರಜೆ. ಬೇಸಿಗೆ ರಜೆಯೊಳಗೆ ಮಂಗಳವಾರವೂ ಬರುತ್ತದೆ ಎಂಬ ಮಹಾಸತ್ಯ ನನಗೆ ಆಗ ಹೊಳೆಯಿತು. ವಂಡಲೂರಿನ ಮೃಗಾಲಯಕ್ಕೆ ಹೋಗೋಣವೆಂದು ಒಂದು ವಾರ ಮುಂಚೆಯೇ ಸಾರಿದೆ. ಮನೆಯಲ್ಲಿ ಅದೊಂದು ಮದುವೆಯ ಸಂಭ್ರಮ. ಹೆಂಡತಿ ಬೆಳಗಿನ ಜಾವವೇ ಎದ್ದು ಚಿತ್ರಾನ್ನ, ಮೊಸರನ್ನ, ಕೋಡುಬಳೆ ಕಟ್ಟಿದಳು. ನಾನು ಇಸ್ತ್ರಿ ಮಾಡಿದ ಷರಟು ಹಾಕಿದೆ. ಮಾಂಬಲದಲ್ಲಿ ವಿದ್ಯುತ್ ರೈಲು ಹತ್ತಿದೆವು. ತಾಂಬರಂ ದಾಟುವವರೆಗೂ ಮಗ ಹುಲಿಯಂತೆ ಗರ್ಜಿಸಿ ಎದುರು ಕೂತಿದ್ದ ಹೆಂಗಸನ್ನು ಹೆದರಿಸಿದ. ವಂಡಲೂರಿನಲ್ಲಿ ಇಳಿದು, ಬಿಸಿಲಲ್ಲಿ ನಡೆದು, ದೊಡ್ಡ ಬಾಗಿಲ ಮುಂದೆ ಹೋಗಿ ನಿಂತೆವು. ಬಾಗಿಲು ಹಾಕಿತ್ತು. ಜನವೇ ಇಲ್ಲ. ನಾವೇ ಮೊದಲಿಗರೆಂದು ನನಗೆ ಹೆಮ್ಮೆಯಾಯಿತು. ಕಾವಲುಗಾರ ನಿಧಾನವಾಗಿ ಬಂದು, ಬೋರ್ಡು ತೋರಿಸಿ, 'ಮಂಗಳವಾರ ರಜೆ' ಅಂದ.

ಮಹನೀಯರೇ, ಇಷ್ಟು ದೊಡ್ಡ ಊರಿನಲ್ಲಿ, ಅಷ್ಟೊಂದು ದಿನಗಳಿರುವ ವಾರದಲ್ಲಿ, ಹುಲಿಗೂ ನನಗೂ ಒಂದೇ ದಿನ ರಜೆ! ಗಿಂಡಿಯ ಮಕ್ಕಳ ಉದ್ಯಾನಕ್ಕೂ ಮಂಗಳವಾರವೇ ರಜೆಯೆಂದು ಆಮೇಲೆ ತಿಳಿಯಿತು. ನಾನು ನಗಲು ನೋಡಿದೆ. ಹೆಂಡತಿ ನಗಲಿಲ್ಲ. ಒಂದು ಮರದ ಕೆಳಗೆ ಕೂತು ಚಿತ್ರಾನ್ನ ಬಿಚ್ಚಿದೆವು. ಮಗ ಅತ್ತು ಸುಮ್ಮನಾದ. ಮಗಳು ಅಳಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದಳು: 'ಅಪ್ಪಾ, ಹುಲಿಗೆ ಮಂಗಳವಾರ ರಜೆಯಾದರೆ ಅದರ ಮರಿಗಳಿಗೆ ಯಾವತ್ತು?'

'ಅವಕ್ಕೂ ಮಂಗಳವಾರವೇ ಮಗಾ.'

'ಹೌದಾ? ಎರಡಕ್ಕೂ ಒಂದೇ ದಿನವಾ?'

ಅಷ್ಟೇ ಕೇಳಿದ್ದು. ಆಮೇಲೆ ಕೋಡುಬಳೆ ತಿಂದಳು. ನನಗೆ ಚಿತ್ರಾನ್ನ ಇಳಿಯಲಿಲ್ಲ.

ಮರುದಿನ ಹೋಟೆಲಿನ ಮಹಡಿಯ ಮೇಲೆ ನಾನು ಈ ಕಥೆ ಹೇಳಿದಾಗ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದೋಸೆ ಭಟ್ಟರು ಮಾತ್ರ ನಗದೆ, ಬಿಲ್ಲು ಪುಸ್ತಕದ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯತೊಡಗಿದರು. ಅವರ ಮೂವರು ಮಕ್ಕಳು ಕಾರ್ಕಳದ ಕಡೆ ಬೆಳೆದವರು, ವರ್ಷಕ್ಕೆ ಹದಿನೈದು ದಿನ ತಂದೆಯನ್ನು ನೋಡಿ ಬೆಳೆದವರು. ಸಂಸಾರವಂದಿಗರು ನಾವು ಏಳು ಜನ, ಬ್ರಹ್ಮಚಾರಿಗಳು ಒಂಬತ್ತು. ಪ್ರತಿ ಭಾನುವಾರ ಒಬ್ಬ ಸಂಸಾರಿ ರಜೆ ಹೋದರೆ, ಅವನ ಮೇಜನ್ನು ಬ್ರಹ್ಮಚಾರಿಗಳು ಹಂಚಿಕೊಂಡರೆ, ಏಳು ವಾರಕ್ಕೊಮ್ಮೆ ಒಬ್ಬೊಬ್ಬನಿಗೆ ಭಾನುವಾರ ಬರುತ್ತದೆ. ಲೆಕ್ಕ ಸರಿ. ಬ್ರಹ್ಮಚಾರಿಗಳು ಏಕೆ ಒಪ್ಪಬೇಕು? ಅವರೊಳಗಿನ ಮುಂದಾಳು ಷರತ್ತು ಹಾಕಿದ. ದುಡ್ಡು ಬೇಡ. ಭಾನುವಾರ ಪಡೆದವನ ಮನೆಯಲ್ಲಿ ಆ ವಾರ ತಮಗೊಂದು ಊಟ. ಊಟವೆಂದರೆ ಇಡ್ಲಿ ದೋಸೆ ಪೂರಿ ಯಾವುದೂ ಕಣ್ಣಿಗೆ ಬೀಳಬಾರದು. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಇದನ್ನು ಹೇಳುವಾಗ ಅವನ ಗಂಟಲು ಕಟ್ಟಿತು.

ಯಜಮಾನರ ಹತ್ತಿರ ಹೋದೆವು. 'ಭಾನುವಾರವಾ? ನಿಮಗೆ ತಲೆ ಸರಿ ಇದೆಯಾ? ಸೋಮವಾರ ಮಾತಾಡೋಣ' ಅಂದರು. ಹೀಗೆ ಆರು ಸೋಮವಾರ ಹೋದವು. ಏಳನೆಯ ಸೋಮವಾರ ನಮ್ಮ ಸಂಘದ ಆಗಿನ ಹಿರಿಯರೊಬ್ಬರು ನಮ್ಮ ಜೊತೆ ಬಂದರು. ಗಟ್ಟಿಯಾಗಿ ಏನೂ ಮಾತಾಡಲಿಲ್ಲ. ಒಂದು ಕಾಫಿ ಕುಡಿದು, 'ನಿಮ್ಮ ಮಗಳನ್ನು ನೋಡಲು ಗಂಡಿನವರು ಬಂದದ್ದು ಯಾವ ವಾರ ಯಜಮಾನರೇ?' ಅಂತ ಕೇಳಿದರು. ಯಜಮಾನರು ಸ್ವಲ್ಪ ಹೊತ್ತು ಚಿಲ್ಲರೆ ಎಣಿಸಿದರು. ಅದು ಭಾನುವಾರ. ಅವತ್ತು ಅವರು ಗಲ್ಲಾದಲ್ಲಿದ್ದರು, ಅಳಿಯನ ಮುಖವನ್ನು ಮೊದಲು ಕಂಡದ್ದು ನಿಶ್ಚಿತಾರ್ಥದ ದಿನ. 'ನನಗೆ ಯಾರು ಕೊಟ್ಟರಪ್ಪ ಭಾನುವಾರ?' ಅಂದರು. ಆಮೇಲೆ ಪಟ್ಟಿ ಇಸಿದುಕೊಂಡು, ಕಡೆಯಲ್ಲಿ ತಮ್ಮ ಹೆಸರನ್ನೂ ಬರೆದರು. ಹೀಗೆ ಏಳು ವಾರದ್ದು ಎಂಟು ವಾರವಾಯಿತು. ಯಜಮಾನರು ತಮ್ಮ ಸರದಿಯ ಭಾನುವಾರವೂ ಗಲ್ಲಾಕ್ಕೇ ಬಂದು ಕೂರುತ್ತಿದ್ದರು ಅನ್ನುವುದು ಬೇರೆ ಮಾತು.

ನನ್ನ ಮೊದಲ ಭಾನುವಾರ ಮತ್ತೆ ವಂಡಲೂರು. ಜನ ಅಂದರೆ ಜನ. ಹುಲಿ ಕಂದಕದ ಆಚೆ, ಪೊದೆಯ ನೆರಳಲ್ಲಿ ಮಲಗಿತ್ತು, ಬಾಲ ಮಾತ್ರ ಕಾಣುತ್ತಿತ್ತು. ಸಾವಿರ ಜನ ಏಳು ಏಳು ಅಂತ ಕೂಗುತ್ತಿದ್ದರು. ನನ್ನ ಮಗಳು, 'ಪಾಪ, ಇವತ್ತು ಅದಕ್ಕೆ ಡ್ಯೂಟಿ ಅಪ್ಪಾ, ಬೈಯಬೇಡಿ ಅಂತ ಹೇಳು' ಅಂದಳು. ನಾವು ನಾಲ್ವರೂ ಬಾಲವನ್ನೇ ನೋಡಿ ಬಂದೆವು. ಆ ವಾರ ನಮ್ಮ ಒಂದೂವರೆ ಕೋಣೆಯಲ್ಲಿ ಒಂಬತ್ತು ಬ್ರಹ್ಮಚಾರಿಗಳು ಎರಡು ಪಾಳಿಯಲ್ಲಿ ಕೂತು ಗಂಜಿ ಉಂಡರು. ಬಡಿಸಲು ನಾನು ಎದ್ದರೆ, ಅವರಲ್ಲೊಬ್ಬ ನನ್ನ ಭ��ಜ ಒತ್ತಿ ಕೂರಿಸಿದ.

1996ರಲ್ಲಿ ಊರಿನ ಹೆಸರು ಮದರಾಸು ಹೋಗಿ ಚೆನ್ನೈ ಆಯಿತು. ಅದೇ ವರ್ಷ ಭಾವನ ಗಿರಣಿ ಮುಚ್ಚಿತು. ಇಲ್ಲಿ ಕೂತಿರುವ ಕೆಲವರಿಗೆ ಅದನ್ನು ನಾನು ಹೇಳಬೇಕಾದ್ದಿಲ್ಲ. ಭಾನುವಾರಗಳಲ್ಲಿ ಭಾವ ಹೋಟೆಲಿಗೆ ಬರುವುದು ನಿಂತಿತು. ಬಸ್ಸಿನ ದುಡ್ಡಿನ ಯೋಚನೆಯಿರಬಹುದು, ಬಿಲ್ಲಿನ ಯೋಚನೆಯೂ ಇರಬಹುದು, ನಾನು ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಮಂಗಳವಾರ ಮಧ್ಯಾಹ್ನ ವಠಾರಕ್ಕೆ ಬಂದರು, ಒಬ್ಬರೇ. ಇಬ್ಬರೂ ಎದುರುಬದುರು ಎಲೆ ಹಾಕಿಕೊಂಡು ಕೂತೆವು. ನನ್ನ ಹೆಂಡತಿ ಬಡಿಸಿದಳು. ಅಷ್ಟು ವರ್ಷದಲ್ಲಿ ಭಾವನೂ ನಾನೂ ಈ ಊರಿನಲ್ಲಿ ಒಟ್ಟಿಗೆ ಕೂತು ಉಂಡದ್ದು ಅದೇ ಮೊದಲು. 'ನಿನಗೊಂದು ಭಾನುವಾರಕ್ಕೆ ಎಷ್ಟು ಒದ್ದಾಡಿದೆ ಮಾರಾಯ. ನನಗೆ ನೋಡು, ಏಳೂ ಭಾನುವಾರ' ಅಂದರು. ನಕ್ಕರು ಕೂಡ. ಹೋಗುವಾಗ ಅಭ್ಯಾಸಬಲದಿಂದ ಲೋಟ ಎತ್ತಿ ಕೆಳಗೆ ಏನೋ ಇಡಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅವರು ಮಂಗಳವಾರಗಳಲ್ಲೇ ಬರುತ್ತಿದ್ದರು. ನೀರಿನ ಲಾರಿ ಬಂದರೆ ಇಬ್ಬರೂ ಕೊಡ ಹೊರುತ್ತಿದ್ದೆವು.

ಹೊತ್ತಾಯಿತು, ಮುಗಿಸುತ್ತೇನೆ. ಹುಲಿಯ ಮರಿಗಳ ವಿಷಯ ಕೇಳಿದ ಮಗಳಿಗೆ ಈಗ ನಲವತ್ತರ ಹತ್ತಿರ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಅವಳಿಗೆ ವಾರಕ್ಕೆ ಎರಡು ದಿನ ರಜೆ, ಅದನ್ನು ವೀಕೆಂಡು ಅನ್ನುತ್ತಾಳೆ. ಹೋದ ತಿಂಗಳು ಒಂದು ಭಾನುವಾರ ಮಳೆ ಸುರಿಯುತ್ತಿತ್ತು. ಮೂವತ್ತೊಂಬತ್ತು ವರ್ಷ ದೋಸೆ ಹೊತ್ತ ನನ್ನ ಮನೆಗೆ ಅವಳು ಫೋನಿನಲ್ಲಿ ದೋಸೆ ತರಿಸಿದಳು! ಒಬ್ಬ ಹುಡುಗ ಮೂರು ಮಹಡಿ ಹತ್ತಿ ತಂದುಕೊಟ್ಟ. ತೊಪ್ಪೆಯಾಗಿದ್ದ. ನಾನು ಬಿಡಲಿಲ್ಲ, ಕೂರಿಸಿ ಕಾಫಿ ಕೊಟ್ಟೆ. ಕುರ್ಚಿ ಒದ್ದೆಯಾಗುತ್ತದೆಂದು ತುದಿಯಲ್ಲಿ ಕೂತ. ಒಡಿಶಾದವನು, ಅರೆಬರೆ ತಮಿಳು. ವಾರದಲ್ಲಿ ರಜೆ ಯಾವತ್ತು ಅಂತ ಕೇಳಿದೆ, ಅದು ನನ್ನ ಚಾಳಿ. ಅವನು ನಕ್ಕ. 'ಫೋನು ಆಫ್ ಮಾಡಿದ ದಿನ ರಜೆ ಅಣ್ಣಾ. ಆ ದಿನ ದುಡ್ಡಿಲ್ಲ. ಭಾನುವಾರ ಆಫ್ ಮಾಡಿದರೆ ವಾರದ ಮೇಲುದುಡ್ಡೂ ಹೋಗುತ್ತದೆ' ಅಂದ. ಮಕ್ಕಳಿದ್ದಾರಾ ಅಂತ ಮಗಳು ಕೇಳಿದಳು. ಊರಲ್ಲಿ ಒಬ್ಬಳು ಮಗಳಂತೆ. ರಾತ್ರಿ ಕೆಲಸ ಮುಗಿಸಿ ಫೋನಿನಲ್ಲಿ ಮುಖ ನೋಡುತ್ತಾನಂತೆ, ಅಷ್ಟು ಹೊತ್ತಿಗೆ ಅವಳು ಮಲಗಿರುತ್ತಾಳಂತೆ.

ಅವನು ಹೋದ ಮೇಲೂ ಮಗಳು ಪೊಟ್ಟಣ ಬಿಚ್ಚಲಿಲ್ಲ. ನಾನೇ ತಟ್ಟೆಗೆ ಹಾಕಿ ತಂದಿಟ್ಟೆ, ಚಟ್ನಿ ಒಂದು ಬದಿಗೆ, ಸಾಂಬಾರು ಒಂದು ಬದಿಗೆ, ಹಳೆಯ ಕೈ.

ಆ ಹುಡುಗನ ನಂಬರು ತೆಗೆದಿಟ್ಟುಕೊಂಡಿದ್ದೇನೆ. ಕಾರ್ಯದರ್ಶಿಗಳಲ್ಲಿ ನನ್ನದೊಂದು ಪ್ರಶ್ನೆ. ಕನ್ನಡ ಬಾರದವರನ್ನು ನಮ್ಮ ಸಭೆಗೆ ಕರೆಯಬಹುದೋ ಹೇಗೆ, ನಿಯಮಾವಳಿ ನೋಡಿ ಹೇಳಬೇಕು. ಅವನಿಗೂ ಬಿಡುವಾಗುವುದು ರಾತ್ರಿ ಹತ್ತೂವರೆಯ ಮೇಲೇ ಅಂತೆ.